ಕಡೆಗೆ ಹೋದವರಿಗೂ ಬಿಸಿನೀರು

ಯಾತ್ರೆ ಬಸ್ಸಿನಲ್ಲಿ ಹೋದವರಿಗೆಲ್ಲ ದೇವರು ಕಂಡನೋ ಇಲ್ಲವೋ ಗೊತ್ತಿಲ್ಲ. ನಗೆಗೇಡಾಗದೆ ತಿರುಗಿ ಬಂದವರನ್ನಂತೂ ನಾನು ಕಂಡಿಲ್ಲ. ಎಂಬತ್ತು-ತೊಂಬತ್ತರ ದಶಕದಲ್ಲಿ ಸಿಂಧನೂರಿನಿಂದ ಕಾಶಿ, ಬದರಿ ಕಡೆ ಹೋಗುವ ಬಸ್ಸಿಗೆ ನಾನು ಮ್ಯಾನೇಜರ್. ಮ್ಯಾನೇಜರ್ ಅಂದರೆ ಮಂದಿ ಎಣಿಸುವವ, ಕಳೆದ ಚಪ್ಪಲಿ ಹುಡುಕುವವ, ಕಿಡಕಿ ಸೀಟಿನ ಜಗಳ ಬಿಡಿಸುವವ. ಉರ್ದು ಬಂದರೆ ಹಿಂದಿ ಬಂದಂತೆಯೇ ಎಂಬ ನಮ್ಮ ಕಡೆಯ ನಂಬಿಕೆಯಿಂದ, ನಾಲ್ಕು ಮಾತು ಉರ್ದು ಬರುತ್ತಿದ್ದ ಮಸ್ಕಿಯವನಾದ ನನಗೆ ಆ ಕೆಲಸ ಸಿಕ್ಕಿತ್ತು.

ಒಂದು ವರ್ಷ ದಸರೆ ಮುಗಿದ ಮೇಲೆ ಬದರಿಗೆ ಬಸ್ಸು ಗೊತ್ತಾಯಿತು. ದಾರಿಯಲ್ಲಿ, ಹಿಮಾಲಯದ ಕಣಿವೆಯ ಒಂದು ಸಣ್ಣ ಹಳ್ಳಿಯಲ್ಲಿ, ನೆಲದೊಳಗಿಂದಲೇ ಬಿಸಿನೀರು ಉಕ್ಕುವ ಕುಂಡವಿದೆ, ಅಲ್ಲಿ ಜಳಕ ಮಾಡಿಸುತ್ತೇವೆ ಎಂದು ನಾನು ಊರೂರು ಹೇಳಿಕೊಂಡು ತಿರುಗಿದೆ. ಮಸ್ಕಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ಕೇಳಿಸಿಕೊಂಡು, "ಬಿಸಿನೀರಿಗೆ ಅಷ್ಟು ದೂರ ಯಾಕ್ರಿ? ಬ್ಯಾಸಿಗ್ಯಾಗ ನಮ್ಮ ಮಾಳಗಿ ಮ್ಯಾಲಿನ ಟಾಕಿಗೆ ಬರ್ರಿ, ಪುಕ್ಕಟ್ಟೆ ತೋರಸ್ತೀನಿ" ಎಂದ.

೧. ಸಣ್ಣ ಸೊಸೆಯ ಪ್ರಶ್ನೆ

ಜವಳಗೇರಾದ ಒಂದು ದೊಡ್ಡ ಮನೆತನದಿಂದ ಅತ್ತೆ ಮತ್ತು ಮೂವರು ಸೊಸೆಯರು ಹೊರಟಿದ್ದರು. ಏನೇನು ತರಬೇಕೆಂದು ಹೇಳಲು ಅವರ ಮನೆಗೆ ಹೋದೆ. ಬಾಗಿಲ ಮರೆಯಿಂದ ಸಣ್ಣ ಸೊಸೆ ಕೇಳಿದಳು:

"ಅಣ್ಣಾರ, ಅಲ್ಲಿ ಕಡೀಕ ಹೋದವ್ರಿಗೂ ಬಿಸಿನೀರು ಉಳಿತಾವೇನ್ರಿ?"

ಇದೆಂಥ ಪ್ರಶ್ನೆ ಎಂದು ನಾನು ನಕ್ಕೆ. ಅತ್ತೆ ಬಿಡಿಸಿ ಹೇಳಿದರು. ಅವರ ಬಚ್ಚಲಲ್ಲಿ ಒಂದೇ ತಾಮ್ರದ ಹಂಡೆ, ಅದರ ಕೆಳಗೆ ಒಲೆ. ಹಿರಿಯರಿಂದ ಶುರುವಾಗಿ ಸರದಿ ಪ್ರಕಾರ ಜಳಕ. ಬಿಸಿನೀರು ತೋಡಿಕೊಂಡವರು ಹಂಡೆಗೆ ಒಂದು ಕೊಡ ತಣ್ಣೀರು ಸುರಿದು ಬರಬೇಕು. ಹೀಗಾಗಿ ಸರದಿ ಸಣ್ಣ ಸೊಸೆಗೆ ಬರುವಷ್ಟರಲ್ಲಿ ಹಂಡೆಯೊಳಗಿನದು ಕಾಲುವೆ ನೀರೇ ಆಗಿರುತ್ತಿತ್ತು. ಲಗ್ನವಾಗಿ ಬಂದಾಗಿನಿಂದ ಆಕೆಗೆ ಆ ಮನೆಯಲ್ಲಿ ಒಂದು ದಿನವೂ ಬಿಸಿನೀರು ಸಿಕ್ಕಿರಲಿಲ್ಲ.

"ಮತ್ತ ಕಡೀಕ ಜಳಕ ಮಾಡಿದವ್ರು ಒಲಿ ಆರಿಸಿ ಹೊರಗ ಬರಬೇಕು. ಇದು ನಮ್ಮ ಮನಿ ಪದ್ಧತಿ ನೋಡು ತಮ್ಮಾ" ಎಂದರು ಅತ್ತೆ, ಹೆಮ್ಮೆಯಿಂದ.

ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು: "ನಾ ಏನ್ ಆರಸ್ತೀನ್ರಿ? ನಾ ಹೋಗೂದ್ರಾಗ ಅದ ಆರಿರತೈತಿ."

೨. ಒಲೆಯ ಬಾಯಿ

ಕಣಿವೆ ಮುಟ್ಟಿದಾಗ ಮುಂಜಾನೆ. ಬಾಯಿ ತೆರೆದರೆ ಹೊಗೆ ಬರುವಂಥ ಥಂಡಿ. ಅಲ್ಲಿಂದ ಮುಂದೆ ರಸ್ತೆ ಇಕ್ಕಟ್ಟು. ಒಂದು ಹೊತ್ತು ಏರುವ ಗಾಡಿ, ಒಂದು ಹೊತ್ತು ಇಳಿಯುವ ಗಾಡಿ ಎಂದು ಗೇಟು ಹಾಕಿ ಬಿಡುತ್ತಿದ್ದರು. "ಮಧ್ಯಾಹ್ನದ ಗೇಟು ತಪ್ಪಿದರೆ ರಾತ್ರಿ ಇಲ್ಲೇ ಬೀಳಬೇಕಾಗುತ್ತದೆ, ಲಗೂ ಮುಗಿಸಿರಿ" ಎಂದು ಎಲ್ಲರಿಗೂ ಕೂಗಿ ಹೇಳಿದೆ.

ಗಂಡಸರೆಲ್ಲ ಕುಂಡಕ್ಕಿಳಿದರು. ಸಂತೆಕಲ್ಲೂರಿನ ಕುರಿಗಾರ ಮಾತ್ರ ಇಳಿಯಲಿಲ್ಲ. ಜೀವಮಾನವಿಡೀ ಬಯಲಲ್ಲಿ ಮೂರು ಕಲ್ಲಿಟ್ಟು ಬೆಂಕಿ ಹಚ್ಚಿದವನು. ಬೆಂಕಿ ಇಲ್ಲದೆ ನೀರು ಕಾಯುತ್ತದೆ ಎಂದರೆ ಹೇಗೆ ನಂಬಿಯಾನು? ಕಂಬಳಿ ಹೊದ್ದು, ಒಲೆಯ ಬಾಯಿ ಹುಡುಕುತ್ತ ಗುಡ್ಡದ ಹಿಂದಕ್ಕೆ ಹೋದ. ಬಹಳ ಹೊತ್ತಾದ ಮೇಲೆ ಬಂದು, ನೀರನ್ನು ಬೊಗಸೆಯಲ್ಲಿ ಹಿಡಿದು ಮೂಸಿದ. ಆ ನೀರಿಗೆ ಗಂಧಕದ ವಾಸನೆ.

"ಮ್ಯಾನೇಜರ್ರ, ಗೊತ್ತಾತು ಬಿಡ್ರಿ. ಕಟ್ಟಿಗಿ ವಾಸನಿ ಅಲ್ಲ, ಕುಳ್ಳಿನ ವಾಸನಿನೂ ಅಲ್ಲ. ಪಟಾಕಿ ವಾಸನಿ! ಒಳಗ ಪಟಾಕಿ ಸುಟ್ಟು ನೀರು ಕಾಸಾಕತ್ಯಾರ."

ನಾನು ಏನಾದರೂ ಹೇಳುವ ಮೊದಲೇ ಧೋತರ ಬಿಚ್ಚುತ್ತ ಅಂದ: "ಇಷ್ಟು ಖರ್ಚು ಮಾಡಿ ಮಂದಿಗೆ ಪುಕ್ಕಟ್ಟೆ ಜಳಕ ಮಾಡಸ್ತಾರಂದ್ರ ಭಾಳ ದೊಡ್ಡ ಮನಸ್ಸಿನ ಮಂದಿ."

೩. ದೇವರ ಅನ್ನ

ನಮ್ಮ ಬಸ್ಸಿನ ಅಡಿಗೆಯವನು ಲಿಂಗಸುಗೂರಿನವ. ಗುಡ್ಡ ಹತ್ತಿದಾಗಿನಿಂದ ದಿನಾಲೂ ನುಚ್ಚಿನಂಥ ಅರೆಬೆಂದ ಅನ್ನ ಬಡಿಸುತ್ತಿದ್ದ. ಕೇಳಿದರೆ, "ಇಲ್ಲಿ ಗಾಳಿ ಸರಿ ಇಲ್ಲ, ಸ್ಟೋ ಸರಿ ಇಲ್ಲ, ಯಾರಪ್ಪ ಬಂದ್ರೂ ಇಲ್ಲಿ ಅನ್ನ ಬೇಯೂದಿಲ್ಲ" ಎನ್ನುತ್ತಿದ್ದ.

ಕುಂಡದ ಮೇಲ್ಗಡೆ, ಬುಗ್ಗೆ ಹುಟ್ಟುವ ಜಾಗದಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟರೆ ಬೇಯುತ್ತದೆ ಎಂದು ಅಲ್ಲಿಯವರು ತೋರಿಸಿಕೊಟ್ಟರು. ಜವಳಗೇರಾದ ಅತ್ತೆ ತಮ್ಮ ಹೊಲದ ಅಕ್ಕಿ ಗಂಟು ಕಟ್ಟಿ, "ಸಣ್ಣಾಕಿ, ನೀ ಹೆಂಗೂ ಕಡೀಕ ಜಳಕ ಮಾಡಾಕಿ. ಅಲ್ಲಿ ತನಕ ಇದರ ಹಗ್ಗ ಹಿಡಕೊಂಡು ಕುಂದ್ರು" ಎಂದರು. ಸಣ್ಣ ಸೊಸೆ ಹಗ್ಗ ಹಿಡಿದು ಚಳಿಯಲ್ಲಿ ಕೂತಳು, ಕಣ್ಣು ಮಾತ್ರ ಹೆಂಗಸರ ಕುಂಡದ ಕಡೆ.

ಗಂಟು ಬಿಚ್ಚಿದರೆ ಮಲ್ಲಿಗೆ ಮೊಗ್ಗಿನಂಥ ಅನ್ನ. ಮಂದಿಯೆಲ್ಲ ಅಡಿಗೆಯವನ ಮುಖ ನೋಡಿದರು. ಅವನು ಒಂದು ಅಗಳು ತೆಗೆದು ಹಿಸುಕಿದ, ಬಾಯಿಗೆ ಹಾಕಿಕೊಂಡ, ಕಣ್ಣು ಮುಚ್ಚಿ ಅಗಿದ. ತಪ್ಪು ಸಿಗಲಿಲ್ಲ. ಪಾಪ, ಮುಖ ಸಣ್ಣದಾಯಿತು.

ಕಡೆಗೆ ಹೆಗಲ ಟವೆಲು ಕೊಡವಿ ಎದ್ದು ನಿಂತ. "ಆತು. ಅನ್ನ ದೇವರು ಮಾಡ್ಯಾನ. ಈಗ ಸಾರು ಮಾಡು ಅನ್ರಿ ಅವಂಗ, ನೋಡೋಣು!"

೪. ಒಂದು ಕೊಡ ತಣ್ಣೀರು

ಹೆಂಗಸರ ಕುಂಡಕ್ಕೆ ಸುತ್ತ ಗೋಡೆ, ಹೊರಗೆ ಒಬ್ಬ ಮುದುಕ ಕಾವಲುಗಾರ. ಅಕ್ಕಿ ಬೇಯುತ್ತಿದ್ದಾಗ ನಾನು ಅವನ ಜೊತೆ ಬೀಡಿ ಸೇದುತ್ತ ನಿಂತಿದ್ದೆ. ಅತ್ತೆ ಜಳಕ ಮುಗಿಸಿ ಹೊರಗೆ ಬಂದರು. ಒಂದು ಕೊಡ ಹಿಡಿದು ನೇರ ಕೆಳಗೆ ಹರಿಯುವ ನದಿಗೆ ಇಳಿದರು. ಹಿಮ ಕರಗಿ ಬರುವ ನೀರನ್ನು ಕೊಡದ ತುಂಬ ಹೊತ್ತು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಒಳಗೆ ಹೋದರು. ಮರುಕ್ಷಣ ಒಳಗೆ ಹೆಂಗಸರೆಲ್ಲ ಒಟ್ಟಿಗೆ ಚೀರಿದರು. ಅತ್ತೆ ಕೊಡವನ್ನು ಕುಂಡಕ್ಕೆ ಸುರಿದಿದ್ದರು. ಸುರಿದದ್ದು ಕುಂಡಕ್ಕಾದರೂ ಬಿದ್ದದ್ದು ಹೆಂಗಸರ ಬೆನ್ನ ಮೇಲೆ.

ಹೊರಗೆ ಬಂದು ಅವರೇ ಬೈದರು: "ಬಿಸಿನೀರು ತೋಡಿಕೊಂಡವ್ರು ಒಂದು ಕೊಡ ಹಾಕಬೇಕು. ಹಿಂದಿನವ್ರಿಗೆ ಬ್ಯಾಡೇನು? ಇಷ್ಟು ಮಂದಿ ಮಿಂದು ಬಂದ್ರಲ್ಲ, ಒಬ್ಬರಿಗರ ಬುದ್ಧಿ ಐತೇನು?"

ಕಾವಲುಗಾರ ಗಾಬರಿಯಾಗಿ ಏನಾಯಿತೆಂದು ನನ್ನನ್ನು ಕೇಳಿದ. ನಾನು ನನ್ನ ಹೈದರಾಬಾದಿ ಹಿಂದಿಯಲ್ಲಿ ತಿಳಿಸಿದೆ. ಅವನು ಅತ್ತೆಗೆ ಕೈಮುಗಿದು, "ತಾಯಿ, ಇದನ್ನು ಯಾರೂ ತುಂಬಿಸಬೇಕಾಗಿಲ್ಲ, ಯಾರೂ ಕಾಸಬೇಕಾಗಿಲ್ಲ. ತಾನೇ ತುಂಬುತ್ತದೆ, ತಾನೇ ಕಾಯುತ್ತದೆ" ಎಂದ. ಅದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

ಅತ್ತೆ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದರು. "ಎಲ್ಲಾ ತಾನ ಆಗತೈತಂದ್ರ ಈತನ್ನ ಯಾಕ ಇಟ್ಟಾರ ಇಲ್ಲಿ?"

ಇದನ್ನು ಮಾತ್ರ ನಾನು ಹಿಂದಿಗೆ ತಿರುಗಿಸಲಿಲ್ಲ.

೫. ಕಡೆಯವಳು

ಊಟ ಮುಗಿಯಿತು. ಗೇಟು ಬಿಡುವ ಹೊತ್ತು ಹತ್ತಿರ ಬಂತು. ಡ್ರೈವರ್ ಇಂಜಿನ್ ಚಾಲೂ ಮಾಡಿ ಹಾರ್ನ್ ಹೊಡೆಯತೊಡಗಿದ. ಮಂದಿ ಎಣಿಸಿದರೆ ಒಬ್ಬರು ಕಡಿಮೆ. ಜವಳಗೇರಾದ ಸಣ್ಣ ಸೊಸೆ. ಅನ್ನದ ಗಂಟು ಒಪ್ಪಿಸಿ, ಎಲ್ಲರಿಗೂ ಬಡಿಸಿ, ಭಾಂಡೆ ತೊಳೆದು, ಆಮೇಲೆ ಜಳಕಕ್ಕೆ ಹೋದಾಕೆ ಬಂದೇ ಇರಲಿಲ್ಲ.

ಕರೆತರಲು ಹಿರಿ ಸೊಸೆಯನ್ನು ಓಡಿಸಿದೆವು. ತಿರುಗಿ ಬಂದು, "ಬರವಲ್ಲಳ್ರಿ. ಕುತ್ತಿಗಿ ತನಕ ಮುಳುಗಿ, ಕಣ್ಣು ಮುಚಗೊಂಡು ಕುಂತಾಳ" ಎಂದಳು. ಡ್ರೈವರ್ ಮತ್ತೆ ಹಾರ್ನ್ ಹೊಡೆದ. ಮುಂದಿನೂರ ಧರ್ಮಶಾಲೆಯಲ್ಲಿ ನಮಗಾಗಿ ಹಿಡಿದಿಟ್ಟ ಖೋಲಿಗಳು ಕೈತಪ್ಪುತ್ತವೆಂದು ನನಗೆ ಕಳವಳ. ಅತ್ತೆ ಸೆರಗು ಸಿಕ್ಕಿಸಿ ಇಳಿದರು. ನಾನು, ಡ್ರೈವರ್ ಇಬ್ಬರೂ ಹಿಂದೆ ಹೋಗಿ ಗೋಡೆಯಿಂದ ದೂರ ನಿಂತೆವು.

"ಏ ಸಣ್ಣಾಕಿ! ಗೇಟು ಹಾಕತಾರಂತ, ಹೊರಗ ಬಾ!"

ಒಳಗಿನಿಂದ ಸಾವಕಾಶವಾಗಿ, ಬಹಳ ಮರ್ಯಾದೆಯಿಂದ ಉತ್ತರ ಬಂತು:

"ಹೆಂಗ ಬರ್ಲಿರೀ ಅತ್ತಿ? ಕಡೀಕ ಜಳಕ ಮಾಡಿದವ್ರು ಒಲಿ ಆರಿಸಿ ಬರಬೇಕಂತ ನೀವ ಹೇಳೀರಿ. ಇದು ಆರವಲ್ದರೀ!"

ಅತ್ತೆ ನಮ್ಮ ಕಡೆ ತಿರುಗಿದರು. ನನ್ನ ಮುಖ ನೋಡಿದರು, ಡ್ರೈವರನ ಮುಖ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಅಲ್ಲಿ ಆರಿಸಲಿಕ್ಕೆ ಬರುವಂಥದ್ದು ನಮ್ಮ ಬಸ್ಸಿನ ಇಂಜಿನ್ ಒಂದೇ. ಡ್ರೈವರ್ ಹೋಗಿ ಅದನ್ನು ಆರಿಸಿ ಬಂದ.