ನೆಟ್ಟಗಿನ ಬೆನ್ನು

ಬೆಳಿಗ್ಗೆ ಎಂಟೂಕಾಲಿಗೆ, ಹನ್ನೊಂದನೆಯ ಪೆಟ್ಟಿಗೆ ಎತ್ತುವಾಗ, ಉದ್ದಣ್ಣನ ಸೊಂಟ ಹಿಡಿದುಕೊಂಡಿತು. ಅರ್ಧ ಮಡಚಿದ ಚಾಕುವಿನಂತೆ ಹಾಗೇ ನಿಂತ.

ಅದು ಹಿತ್ತಾಳೆ ನಲ್ಲಿಗಳ ಕಾರ್ಖಾನೆ. ಒಂದೊಂದು ಪೆಟ್ಟಿಗೆ ಇಪ್ಪತ್ತೈದು ಕಿಲೋ. ಅವನ್ನು ನೆಲದ ಮೇಲೇ ಇಡಬೇಕೆಂದು ಕುರ್ಚಿಯಲ್ಲಿ ಕೂತ ಯಾರೋ ತೀರ್ಮಾನಿಸಿದ್ದರು. ಆರಡಿ ಎರಡಂಗುಲದ ಉದ್ದಣ್ಣ ದಿನಕ್ಕೆ ಇನ್ನೂರು ಸಲ ಆ ತೀರ್ಮಾನಕ್ಕೆ ತಲೆಬಾಗುತ್ತಿದ್ದ.

ಪ್ಯಾಕಿಂಗ್ ವಿಭಾಗಕ್ಕೆಲ್ಲ ಇದ್ದದ್ದು ಒಂದೇ ಕುರ್ಚಿ, ಲೇಬಲ್ ಅಂಟಿಸುವ ಮೇಜಿನದು. ಅದರಲ್ಲಿ ಕೂರುತ್ತಿದ್ದ ಲೇಬಲ್ ಅಕ್ಕ ಅಂದೇ ನಿವೃತ್ತಿಯಾಗುವವಳು. “ಐದು ಗಂಟೆಯೊಳಗೆ ಯಾರು ಮೊದಲು ಡಾಕ್ಟರ ಚೀಟಿ ತರ್ತಾರೋ ಅವರಿಗೆ ಕುರ್ಚಿ,” ಎಂದು ಮೇಸ್ತ್ರಿ ಸಾರಿಯಾಗಿತ್ತು. ಕಾರ್ಖಾನೆಯ ಡಾಕ್ಟರು ಬರುವುದು ನಾಲ್ಕಕ್ಕೆ.

“ಅಲ್ಲೀತನಕ ತಡ್ಕೊಳೋ. ನನ್ನ ಕುರ್ಚಿ ನಿಂಗೇ ಬರ್ಬೇಕು,” ಎನ್ನುತ್ತ ಅಕ್ಕ ಅವನ ಬೆನ್ನಿಗೆ ಮರದ ಅಳತೆಪಟ್ಟಿ ಇಟ್ಟು, ಟವೆಲ್ಲಿನಿಂದ ಬಿಗಿದಳು.

“ಇನ್ನೂ ಬಿಗಿ ಅಕ್ಕಾ, ಉಸಿರು ಆಮೇಲೆ ಬಿಡ್ತಾನೆ,” ಎಂದ ಟ್ರಾಲಿ ತಳ್ಳುವವನು.

ಇನ್ನು ಬಗ್ಗುವ ಮಾತೇ ಇಲ್ಲ. ಕುಕ್ಕರಗಾಲಲ್ಲಿ ಕೂತು, ಪೆಟ್ಟಿಗೆ ಎದೆಗವಚಿ, ಹಲ್ಲು ಕಚ್ಚಿ ಏಳಬೇಕು. ಮೂರನೆಯ ಸಲ ಹಾಗೆ ಎದ್ದಾಗ ಎದುರಿಗೆ ಸುರಕ್ಷತಾ ಅಧಿಕಾರಿ ನಿಂತಿದ್ದರು. ಕೆಲಸಗಾರರಿಗೆಲ್ಲ ಸೊಂಟನೋವು ಏಕೆಂದು ಪತ್ತೆಹಚ್ಚಲು ಬಂದವರು.

“ಹಾಗೇ ಇರಿ!” ಎಂದು ಬಗ್ಗಿ ಫೋಟೋ ತೆಗೆದರು. “ಬೆನ್ನು ನೆಟ್ಟಗೆ, ಮಂಡಿ ಮಡಚಿ, ಭಾರ ಎದೆಗೆ! ನೋಡ್ರಪ್ಪಾ, ಹೀಗೆ ಎತ್ತಬೇಕು. ಮೇಲಾಗಿ ನಗುಮುಖ ಬೇರೆ!”

“ಅದು ನಗು ಅಲ್ಲ ಸಾರ್, ನನ್ನ ಸೊಂಟ...”

“ಆಮೇಲೆ ಮಾತಾಡೋಣ. ಇನ್ನೊಂದ್ಸಲ ಎತ್ತಿ.”

“ಪೆಟ್ಟಿಗೆ ಇಡೋಕೆ ಎತ್ತರದ ಮೇಜು ಹಾಕ್ಸಿ ಸಾರ್,” ಎಂದಳು ಅಕ್ಕ. “ಆಗ ಎಲ್ಲಾರೂ ನಗ್ತಾರೆ.”

“ಮೇಜು ಯಾಕಮ್ಮ? ಎತ್ತೋದು ಗೊತ್ತಿದ್ರೆ ಸಾಕು.”

ಉದ್ದಣ್ಣನನ್ನು ಐದು ವಿಭಾಗಗಳಲ್ಲಿ ಮೆರವಣಿಗೆ ಮಾಡಿಸಿ, ಒಂದೊಂದರಲ್ಲೂ ಹತ್ತು ಸಲ ಎತ್ತಿಸಿದರು. ಅಧಿಕಾರಿ ಪ್ರತಿ ಸಲವೂ ಬಗ್ಗಿ ಫೋಟೋ ತೆಗೆದರು. ನಾಲ್ಕೂವರೆಗೆ ಅವನನ್ನು ಬಿಟ್ಟಾಗ, ಗೋಡೆ ಹಿಡಿದುಕೊಂಡು ಡಾಕ್ಟರ ಕೋಣೆ ಸೇರಿದ.

“ಸೊಂಟ ಸಾರ್. ಕೂತು ಮಾಡೋ ಕೆಲಸಕ್ಕೆ ಒಂದು ಚೀಟಿ ಕೊಡಿ.”

ಡಾಕ್ಟರು ತಲೆಯೆತ್ತಲಿಲ್ಲ. ಪೆನ್ನಿನಿಂದ ಗೋಡೆಯತ್ತ ತೋರಿಸಿದರು. “ನೀವು ಎತ್ತೋ ರೀತೀನೇ ಸರಿ ಇಲ್ಲ. ಆತನ್ನ ನೋಡಿ ಕಲೀರಿ.”

ಗೋಡೆಯ ಮೇಲೆ ಆಗತಾನೇ ಅಂಟಿಸಿದ ಚಿತ್ರ. ಹಲ್ಲು ಕಿರಿದು ನಿಂತ ಉದ್ದಣ್ಣ. ಕೆಳಗೆ ದಪ್ಪಕ್ಷರ: ‘ಬೆನ್ನು ನಿಮ್ಮದು, ಜವಾಬ್ದಾರಿಯೂ ನಿಮ್ಮದೇ.’

“ಅದು ನಾನೇ ಸಾರ್.”

ಡಾಕ್ಟರು ಗೋಡೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. “ಹಾಗಿದ್ರೆ ನಿಮಗೆ ನೋವು ಬರೋ ಹಾಗೇ ಇಲ್ವಲ್ಲ!” ಎಂದು ‘ಭಾರ ಎತ್ತಲು ಯೋಗ್ಯ’ ಎಂದು ಬರೆದು ಸಹಿ ಹಾಕಿದರು.

ಐದಕ್ಕೆ ಐದು ನಿಮಿಷ ಇರುವಾಗ ಅವನು ಪ್ಯಾಕಿಂಗಿಗೆ ಮರಳಿದ. ಲೇಬಲ್ ಅಕ್ಕ ಕಣ್ಣು ತಪ್ಪಿಸಿದಳು. ಕುರ್ಚಿ ಖಾಲಿಯಿತ್ತು, ಅದರ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದರು.

“ಬಂದ್ಯಾ? ಒಳ್ಳೇದಾಯ್ತು,” ಎಂದ ಮೇಸ್ತ್ರಿ. “ಇದನ್ನ ಮೂರನೇ ಮಹಡಿಗೆ ಹೊತ್ಕೊಂಡು ಹೋಗು. ಅಧಿಕಾರಿಗಳು ನಿನಗಿಂತ ಮೊದಲೇ ಡಾಕ್ಟರ ಚೀಟಿ ತಂದ್ರು. ಬೆಳಗಿಂದ ನಿನ್ನ ಫೋಟೋ ತೆಗೆಯೋಕೆ ಬಗ್ಗಿ ಬಗ್ಗಿ ಅವರಿಗೆ ಸೊಂಟ ಹಿಡಿದಿದೆಯಂತೆ.”

ಮೂರನೇ ಮಹಡಿಯ ಮೆಟ್ಟಿಲ ತುದಿಯಲ್ಲಿ, ಒಂದು ಕೈಯಲ್ಲಿ ಸೊಂಟ, ಇನ್ನೊಂದರಲ್ಲಿ ಫೋನು ಹಿಡಿದು ಅಧಿಕಾರಿ ಕಾಯುತ್ತಿದ್ದರು.

“ಸ್ವಲ್ಪ ನಗಿ,” ಎಂದರು.

ಉದ್ದಣ್ಣ ಹಲ್ಲು ಕಚ್ಚಿದ.