ಐದು ಸಾವಿರ ವರ್ಷದ ಹಸು

ಅಮರನಾಥ ಆ ಬೆಳಿಗ್ಗೆ ಮನೆಯೊಳಗೇ ಕೂತು ಬಾಯಿಪಾಠ ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹಾಸನದ ಖಾಸಗಿ ಕಾಲೇಜೊಂದರಲ್ಲಿ ಭಾಷಾಶಾಸ್ತ್ರದ ಮೇಷ್ಟ್ರ ಕೆಲಸಕ್ಕೆ ಅವತ್ತು ಅವನು ಪಾಠ ಮಾಡಿ ತೋರಿಸಬೇಕಿತ್ತು. ವರ್ಷಗಟ್ಟಲೆ ಅತಿಥಿ ಉಪನ್ಯಾಸಕನಾಗಿ ಅಲೆದು ಚಪ್ಪಲಿ ಸವೆಸಿದವನಿಗೆ ಉಳಿದಿದ್ದು ಇದೊಂದೇ ಆಸೆ. ಪಾಪ, ಹಾಸನದ ಹತ್ತಿರದ ದುದ್ದ ಊರಿನ ತನ್ನ ಹಿತ್ತಲಲ್ಲಿ ನಿಂತು, ಪಾಠ ಒಪ್ಪಿಸುತ್ತ “ಗ್ವೋಸ್! ಗ್ವೋಸ್!” ಎನ್ನುತ್ತಿದ್ದ.

ಬೇಲಿಯಾಚೆ ಪಕ್ಕದ ಮನೆಯ ಸುಬ್ಬಮ್ಮ ಬಕೆಟ್ ಹಿಡಿದು ಕೂತಿದ್ದರು. ಡೈರಿ ಮುಚ್ಚುವ ಹೊತ್ತಾದರೂ ಅವರ ಹಸು ಗೌರಿ ಹಾಲಿಳಿಸಿರಲಿಲ್ಲ.

“ಅದೇನ್ಲಾ ಅಂಗೆ ವದರ್ತಾ ಇದ್ದೀಯ?”

“ಹಸು ಅಂತ, ಅಕ್ಕ. ಐದಾರು ಸಾವಿರ ವರ್ಷದ ಹಿಂದೆ ಹಿಂಗಂತಿದ್ರಂತೆ. ಯಾರೂ ಬರೆದಿಟ್ಟಿಲ್ಲ, ಪಂಡಿತರೇ ಊಹಿಸಿ ಕಟ್ಟಿರೋದು. ಸಂಸ್ಕೃತದ ಗೋ, ಹಿಂದಿಯ ಗಾಯ್, ಪಾರ್ಸಿಯ ಗಾವ್, ಇಂಗ್ಲಿಷಿನ ಕೌ, ಎಲ್ಲಾ ಇದರ ಮಕ್ಕಳು ಮೊಮ್ಮಕ್ಕಳೇ. ಗ್ವೋಸ್!”

ಅದೇ ಗಳಿಗೆಗೆ ಗೌರಿ ಕಿವಿ ನಿಮಿರಿಸಿ ಸರ್ರನೆ ಹಾಲು ಬಿಟ್ಟಳು. ಹಿಂದಿನಿಂದ ಕರು ಬಂದು ಕೆಚ್ಚಲಿಗೆ ಗುದ್ದಿದ್ದನ್ನು ನೋಡಿದವನು ಅಮರನಾಥನೊಬ್ಬನೇ.

“ಕರು ಗುದ್ತು ಅಕ್ಕ, ಅದಕ್ಕೆ...”

“ಕರು ದಿನಾ ಗುದ್ತದೆ, ಸುಮ್ಕಿರ್ಲಾ! ಇದು ಮಂತ್ರ ಕಣ್ಲಾ!”

ಸುಬ್ಬಮ್ಮನ ಬಾಯಿಗೆ ಬಿದ್ದ ಸುದ್ದಿ ಡೈರಿ ಮುಟ್ಟಲು ಎಷ್ಟು ಹೊತ್ತು? ಅಮರನಾಥ ಇಸ್ತ್ರಿ ಅಂಗಿ ತೊಟ್ಟು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಒದೆಯುವ ಹಸು, ಮೇವು ಬಿಟ್ಟ ಹಸು, ಎಲ್ಲವೂ ದಾರಿಗೆ ಅಡ್ಡ ನಿಂತಿದ್ದವು. “ಒಂದ್ಸಲ ಅಂದ್ಬುಟ್ಟು ಓಗಿ ಸಾ!” ಎಂದು ಹಸುವಿನವರು ಗೋಗರೆದರು. ಗ್ವೋಸ್ ಅಂದೂ ಅಂದೂ ಅವನ ಗಂಟಲು ಕಟ್ಟಿತು, ಬಸ್ಸು ಹೋಯಿತು, ಹಸುವೊಂದು ಬಾಲ ಬೀಸಿ ಅಂಗಿಗೆಲ್ಲ ಸಗಣಿ ಬಳಿಯಿತು.

ಯಾರದ್ದೋ ಬೈಕಿನ ಹಿಂದೆ ಕೂತು ಕಾಲೇಜು ಸೇರಿದ. ಕಾಲೇಜಿನ ಕಾರ್ಯದರ್ಶಿ ರುದ್ರಯ್ಯ ಮೂಗು ಮುಚ್ಚಿಕೊಂಡೇ ಪಾಠ ಶುರುಮಾಡಿ ಎಂದರು. ಒಡಕು ಗಂಟಲಲ್ಲಿ “ಗ್ವೋಸ್” ಎಂದದ್ದೇ ತಡ, ಅವರು ಎದ್ದು ನಿಂತರು.

“ದುದ್ದದೋರು ನೀವೇನಾ? ಸುಬ್ಬಮ್ಮ ನಮ್ಮಕ್ಕ ಕಣ್ರೀ, ಈಗ್ತಾನೆ ಫೋನ್ ಮಾಡಿದ್ಲು. ಪಾಠ ಸಾಕು, ನಡೀರಿ ಕಾರಿಗೆ!”

ದಂಡಿಗನಹಳ್ಳಿಯಲ್ಲಿ ರುದ್ರಯ್ಯನವರ ಸೀಮೆಹಸು ಕರು ಕಳಕೊಂಡು, ಹಾಲಿಳಿಸದೆ ಮುನಿದು ನಿಂತಿತ್ತು. ಇದು ಹಾಲು ಕೊಟ್ಟರೆ ಕೆಲಸ ಸಿಕ್ಕ ಹಾಗೆಯೇ. ಮಂತ್ರವಲ್ಲ ಎಂದು ಬೆಳಿಗ್ಗೆಯಿಂದ ಬಡಕೊಂಡವನೇ ಈಗ ಕಣ್ಣು ಮುಚ್ಚಿ, ಹಸುವಿನ ಕತ್ತು ಸವರುತ್ತ, ಭಕ್ತಿಯಿಂದ “ಗ್ವೋಸ್, ಗ್ವೋಸ್” ಎಂದ. ಎಲಾ ಇವಳ! ಬಕೆಟ್ ತುಂಬಿತು.

ರುದ್ರಯ್ಯ ಅವನ ಎರಡೂ ಕೈ ಹಿಡಿದುಕೊಂಡರು. “ಕಾಲೇಜಿಗೇನ್ರೀ, ಮೇಷ್ಟ್ರು ಯಾರಾದ್ರೂ ಸಿಕ್ತಾರೆ. ನಿಮ್ಮಂಥೋರ್ನ ಅಲ್ಲಿ ಕೂರಿಸಿ ಕೆಡಿಸೋಕಾಯ್ತದಾ? ನಾಳೆಯಿಂದ ಎರಡೊತ್ತೂ ಕೊಟ್ಟಿಗೆಗೆ ಬಂದ್ಬುಡಿ.”

ಅಷ್ಟರಲ್ಲಿ ಹೆಂಡತಿ ಕವನಾಳ ಫೋನು. “ಏನ್ರೀ, ಕೆಲಸ ಸಿಕ್ತಾ?”

ಅಮರನಾಥ ಅಂಗಿಯ ಮೇಲಿನ ಸಗಣಿ ನೋಡಿಕೊಂಡ.

“ಸಿಕ್ತು ಕಣೆ. ನನ್ನ ಹಳೇ ಪಂಚೆ ಒಂದು ತೆಗೆದಿಡು.”