ಮೊಮ್ಮಗನ ಕಾವಲಿಗೆ ಒಂದು ವಾರ

ನಗಬಾರದ ಹೊತ್ತಿನಲ್ಲೇ ನಗು ಬರುವಂಥದ್ದು ನಮ್ಮ ಮನೆಯಲ್ಲಿ ಯಾವಾಗಲೂ ಆಗ್ತಾ ಇರ್ತದೆ. ಆದರೆ ಆ ಒಂದು ವಾರದಲ್ಲಿ ಆದಷ್ಟು ನನ್ನ ಇಡೀ ಆಯುಷ್ಯದಲ್ಲಿ ಆಗಿರಲಿಲ್ಲ. ಈಗ ಹೇಳುವಾಗ ನಗು ಬರ್ತದೆ. ಆಗ ಗಂಟಲಿನಲ್ಲಿ ಅನ್ನ ಇಳೀತಿರಲಿಲ್ಲ.

ನನ್ನ ಮಗಳ ಮಗ ನನ್ನ ಜೊತೆಯೇ ಇನ್ನಂಜೆಯಲ್ಲಿ ಇರುವುದು. ಅವನ ಅಪ್ಪ ಅಮ್ಮ ಮಸ್ಕತ್ತಿನಲ್ಲಿ. ಇವನಿಗೆ ಮಣಿಪಾಲದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಕನ್ನಡಕ ಮಾಡಿಸಲು ಬಂದ ಕಾರ್ಕಳದ ನರ್ಸ್ ಹುಡುಗಿಯ ಪರಿಚಯವಾಯಿತು, ಎರಡು ವರ್ಷ ಪ್ರೀತಿಯೂ ಆಯಿತು, ಆಮೇಲೆ ಹುಡುಗಿ ಬೇಡ ಎಂದಳು. ಬೇಡ ಎಂದು ಆರು ತಿಂಗಳಾದರೂ ಇವನು ಬಿಡಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುವುದು, ರಜೆ ಸಿಕ್ಕಿದರೆ ಕಾರ್ಕಳಕ್ಕೆ ಹೋಗಿ ಅವಳ ಮನೆಯೆದುರಿನ ಮೋರಿಕಟ್ಟೆಯ ಮೇಲೆ ಕೂರುವುದು.

ಒಂದು ಶುಕ್ರವಾರ ಹುಡುಗಿಯ ತಂದೆ ನನಗೆ ಫೋನ್ ಮಾಡಿದರು. "ಅಮ್ಮಾ, ನನ್ನ ಮಗಳು ಡ್ಯೂಟಿಗೆ ಹೋಗ್ಲಿಕ್ಕೆ ಹೆದರ್ತಾಳೆ. ಇನ್ನೊಂದು ಸಲ ಅವನನ್ನು ನಮ್ಮ ಗೇಟಿನ ಹತ್ತಿರ ಕಂಡರೆ ನಾನು ಠಾಣೆಗೆ ಹೋಗುವುದೇ."

ಬೈದಿದ್ದರೆ ನಾನೂ ನಾಲ್ಕು ಮಾತು ಹೇಳ್ತಿದ್ದೆ. ಅವರು ಬೈಯಲಿಲ್ಲ. ಸುಸ್ತಾದವರ ಸ್ವರ. "ಒಂದು ವಾರ ಕೊಡಿ ಮಾರಾಯ್ರೇ, ನಾನು ನೋಡಿಕೊಳ್ತೇನೆ" ಎಂದುಬಿಟ್ಟೆ. ಹೇಗೆ ನೋಡಿಕೊಳ್ಳುವುದು ಅಂತ ನನಗೂ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮನೆಗೆ ಬೀಗ ಹಾಕಿ, ಕೊಡೆ ಹಿಡಿದುಕೊಂಡು, ಅವನು ಹತ್ತಿದ ಬಸ್ಸನ್ನೇ ಅವನಿಗೆ ಕಾಣದ ಹಾಗೆ ನಾನೂ ಹತ್ತಿದೆ.

ಏಳು ಜನರ ಸಿನಿಮಾ

ಸಂಜೆ ಅಂಗಡಿ ಮುಚ್ಚಿದ ಮೇಲೆ ಅವನು ಕಾರ್ಕಳದ ಬಸ್ಸು ಹತ್ತುತ್ತಾನೆ ಅಂತ ನಾನು ಎಣಿಸಿದ್ದೆ. ಇಲ್ಲ, ಸಿನಿಮಾಕ್ಕೆ ಹೋದ. ನಾನೂ ಹಿಂದೆಯೇ ಹೋದೆ.

ಯಾರೂ ನೋಡದ ಸಣ್ಣದೊಂದು ಸಿನಿಮಾ ಅದು. ಹುಡುಗಿ ಬಿಟ್ಟು ಹೋದ ಮೇಲೆ ಹುಡುಗ ಅವಳನ್ನು ಬಿಡದೆ ಬೆನ್ನು ಹತ್ತುವ ತಮಾಷೆಯ ಕತೆ. ಅವಳ ಮನೆಯ ಪಾಗಾರದ ಗೋಡೆ ಹತ್ತುತ್ತಾನೆ, ಬೀಳುತ್ತಾನೆ, ಅವಳ ನಾಯಿಯ ಹತ್ತಿರ ಕಷ್ಟ ಹೇಳಿಕೊಳ್ಳುತ್ತಾನೆ. ಒಳಗೆ ಇದ್ದದ್ದು ನಾವು ಒಟ್ಟು ಏಳು ಜನ. ಆರು ಜನ ನಗ್ತಾ ಇದ್ದೆವು, ಒಬ್ಬ ಮಾತ್ರ ಅಳ್ತಾ ಇದ್ದ. ಅವನು ನನ್ನ ಮೊಮ್ಮಗ.

ಹುಡುಗ ಮೂರನೆಯ ಸಲ ಪಾಗಾರ ಹತ್ತುವಾಗ ನನಗೆ ತಡೆಯಲಿಕ್ಕೆ ಆಗಲಿಲ್ಲ. "ಮಗಾ, ಬಾಗಿಲು ಹಾಕಿಕೋ! ತೆಗೆಯಬೇಡ!" ಎಂದು ಪರದೆಯ ಹುಡುಗಿಗೆ ಕೂಗಿಯೇ ಬಿಟ್ಟೆ. ಮುಂದಿನ ಸಾಲಿನಿಂದ ಇವನು ತಿರುಗಿದ. "ಅಜ್ಜೀ? ನೀವು ಎಂತ ಇಲ್ಲಿ?"

"ಸಿನಿಮಾ ನೋಡ್ಲಿಕ್ಕೆ ಬಂದೆ. ನನಗೆ ನೋಡ್ಬಾರ್ದಾ?"

ಕೊನೆಗೆ ಆ ಸಿನಿಮಾದ ಹುಡುಗಿ ಓಡಿಬಂದು ಅವನನ್ನು ಅಪ್ಪಿಕೊಂಡಳು. "ನೋಡಿದ್ರಾ ಅಜ್ಜಿ, ಬಿಡದೆ ನಿಂತದ್ದಕ್ಕೆ ಬಂದಳು" ಎಂದ ಇವನು.

"ಅವಳಿಗೆ ಬರ್ಲಿಕ್ಕೆ ಸಂಬಳ ಕೊಟ್ಟಿದ್ದಾರೆ ಮಗಾ" ಎಂದೆ.

ಹೊರಗೆ ಬರುವಾಗ ಟಿಕೆಟ್ ಕೊಡುವ ಹೆಂಗಸು ನನ್ನನ್ನು ಕರೆದು ಮೆಲ್ಲಗೆ ಕೇಳಿದಳು. "ಇವರು ನಿಮ್ಮ ಮೊಮ್ಮಗನಾ ಅಜ್ಜಿ? ಒಂಬತ್ತನೆಯ ಸಲ ಬರ್ತಾ ಇರುವುದು. ನಾವು ಇವರನ್ನು ಡೈರೆಕ್ಟರ್ ಅಂತ ಎಣಿಸಿದ್ದೆವು."

ಬಸ್ಸಿಗೆ ಮುಡಿಸಿದ ಮಲ್ಲಿಗೆ

ಎರಡು ದಿನ ಅವನು ಕಾರ್ಕಳದ ಕಡೆ ಮುಖ ಹಾಕಲಿಲ್ಲ. ನನಗೆ ಸ್ವಲ್ಪ ಉಸಿರು ಬಂತು. ಮಂಗಳವಾರ ನಾನು ಹಿತ್ತಲಿನ ಮಲ್ಲಿಗೆ ಕಟ್ಟುವಾಗ ನೋಡ್ತೇನೆ, ಕಟ್ಟಿಟ್ಟದ್ದರಲ್ಲಿ ಒಂದು ಚೆಂಡು ಹೂವು ಇಲ್ಲ. ಹೋದದ್ದು ಎಲ್ಲಿಗೆ ಅಂತ ಹೇಳಬೇಕಾ? ಬಾಳೆಎಲೆಯಲ್ಲಿ ಸುತ್ತಿದ ಒಂದು ಕಟ್ಟನ್ನು ಇವನು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಕಾರ್ಕಳದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಡುವುದನ್ನು ನಾನು ಕಂಬದ ಹಿಂದೆ ನಿಂತು ನೋಡಿದೆ. ಮದ್ದಿನಿಂದ ಹಿಡಿದು ಮೀನಿನವರೆಗೆ ಎಲ್ಲವನ್ನೂ ನಮ್ಮ ಕಡೆ ಬಸ್ಸಿನಲ್ಲೇ ಕಳಿಸುವುದಲ್ವಾ?

ಇವನು ಅತ್ತ ಹೋದದ್ದೇ ನಾನು ಬಸ್ಸು ಹತ್ತಿದೆ. ಈ ಹೂವು ಆ ಮನೆಗೆ ಮುಟ್ಟಿದರೆ ಹುಡುಗಿಯ ತಂದೆ ಇವತ್ತೇ ಠಾಣೆಯ ಮೆಟ್ಟಿಲು ಹತ್ತುತ್ತಾರೆ.

"ಆ ಕಟ್ಟು ಕೊಡಿ ಅಣ್ಣಾ. ಅದು ನಮ್ಮದು."

"ನೀವು ಅವನ ಅಜ್ಜಿಯಾ?" ಕಂಡಕ್ಟರರು ಡ್ರೈವರನ ಕಡೆ ನೋಡಿದರು. "ಅಮ್ಮಾ, ಬೇಜಾರು ಮಾಡಬೇಡಿ. ಮೊದಲನೆಯ ದಿನವೇ ಆ ಹುಡುಗಿ ನಮ್ಮ ಹತ್ತಿರ ಕೈಮುಗಿದು, ಇನ್ನು ತರಬೇಡಿ ಎಂದಿದ್ದಳು. ನಿಮ್ಮ ಹುಡುಗನಿಗೆ ಹೇಳುವಾ ಅಂದರೆ ಅವನ ಮುಖ ನೋಡಿ ನಮಗೆ ಬಾಯಿ ಬರಲಿಲ್ಲ. ಹೂವು ಬಿಸಾಡ್ಲಿಕ್ಕೆ ಮನಸ್ಸು ಬರ್ತದಾ?"

ಎದುರಿನ ಗಾಜಿನ ಮೇಲೆ ದೇವಿಯ ಫೋಟೋ. ಅದಕ್ಕೆ ನಿನ್ನೆಯ ಹೂವು, ಮೊನ್ನೆಯ ಹೂವು, ಅದರ ಮೇಲೆ ಇವತ್ತಿನದ್ದು. ದೇವಿಯ ಮುಖವೇ ಕಾಣ್ತಿರಲಿಲ್ಲ. ನನ್ನ ಲೆಕ್ಕಕ್ಕೆ ಸಿಕ್ಕಿದ್ದು ಇವತ್ತಿನ ಚೆಂಡು ಮಾತ್ರ.

ಡ್ರೈವರ್ ತಿರುಗಿ ಕೈಮುಗಿದ. "ಅಮ್ಮಾ, ನಿಲ್ಲಿಸ್ಲಿಕ್ಕೆ ಮಾತ್ರ ಹೇಳಬೇಡಿ. ಹೂವು ಶುರುವಾದ ಮೇಲೆ ನಮ್ಮ ಬಸ್ಸಿಗೆ ಒಂದು ಪಂಕ್ಚರ್ ಇಲ್ಲ."

ಕಾಪುವಿನ ಬಂಡೆ

ಬುಧವಾರ ನನಗೆ ಇವತ್ತಿಗೂ ಬೇಡ. ಆ ದಿನ ನಾನು ಅವನ ಹಿಂದೆ ಹೋಗಿರಲಿಲ್ಲ; ಮಧ್ಯಾಹ್ನದಿಂದ ಅವನಿಗೆ ಫೋನು ಹೋಗಲಿಲ್ಲ. ಅಂಗಡಿಗೆ ಕೇಳಿದರೆ ರಜೆ ಹಾಕಿದ್ದಾನೆ. ನಾಲ್ಕು ಗಂಟೆಗೆ ಮೀನಿನವಳು ಬುಟ್ಟಿ ಇಳಿಸುತ್ತಾ ಹೇಳಿದಳು, "ನಿಮ್ಮ ಮೊಮ್ಮಗ ಕಾಪು ಲೈಟ್‌ಹೌಸಿನ ಬಂಡೆಯ ಮೇಲೆ ಒಬ್ಬನೇ ನಿಂತಿದ್ದಾನೆ ಅಕ್ಕ. ಸಮುದ್ರ ನೋಡಿಕೊಂಡು."

ನಾನು ಚಪ್ಪಲಿ ಹಾಕಿದ್ದೇನೋ ಇಲ್ಲವೋ ನೆನಪಿಲ್ಲ. ರಿಕ್ಷಾದವನಿಗೆ "ಬೇಗ ಮಾರಾಯ, ಬೇಗ" ಎಂದದ್ದು ಮಾತ್ರ ನೆನಪುಂಟು. ಇನ್ನಂಜೆಯಿಂದ ಕಾಪು ಅಷ್ಟು ದೂರ ಯಾವತ್ತೂ ಇರಲಿಲ್ಲ.

ಬಂಡೆಯ ತುದಿಯಲ್ಲಿ ನಿಂತಿದ್ದ. ಕೆಳಗೆ ಅಲೆ ಹೊಡೀತಾ ಇತ್ತು. ಕೂಗಿದರೆ ಗಾಳಿಗೆ ಕೇಳುವುದಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಮೆಟ್ಟಿಲು ಯಾವುದು ಬಂಡೆ ಯಾವುದು ನೋಡದೆ, ಹತ್ತಿಯೇ ಹತ್ತಿದೆ. ಹೋಗಿ ಅವನ ಅಂಗಿಯನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದೆ.

"ಎಂತ ಮಾಡ್ತಾ ಇದ್ದೀ ಇಲ್ಲಿ?"

"ಗಾಳಿಗೆ ಬಂದದ್ದು ಅಜ್ಜಿ. ಆ ಸಿನಿಮಾವನ್ನು ಟಾಕೀಸಿನಿಂದ ತೆಗೆದುಬಿಟ್ಟರು."

"ಅಷ್ಟೇ?"

"ಅಷ್ಟೇ." ತಿರುಗಿ ನನ್ನ ಮುಖ ನೋಡಿದ. ನಾನು ಯಾಕೆ ಬಂದದ್ದು ಅಂತ ಅವನಿಗೆ ಆಗ ಹೊಳೆಯಿತು. "ಅಜ್ಜೀ... ಹಾಗೆಲ್ಲ ಇಲ್ಲ. ದೇವರಾಣೆ ಇಲ್ಲ." ಇಬ್ಬರೂ ಅಲ್ಲೇ ಕೂತು ಅತ್ತೆವು.

ಆಮೇಲೆ ಇಳಿಯಲು ನೋಡಿದರೆ ನನ್ನ ಮೊಣಕಾಲು ಮಡಚುವುದಿಲ್ಲ. ಕೆಳಗಿನಿಂದ ಬೀಚಿನ ಕಾವಲಿನವನು ಸೀಟಿ ಊದಿ ಊದಿ ಕೂಗ್ತಾ ಇದ್ದ. "ಹೋಯ್ ತಮ್ಮಾ! ನಿಮ್ಮ ಅಜ್ಜಿಯನ್ನು ಗಟ್ಟಿ ಹಿಡ್ಕೊಳ್ಳಿ! ಅವರಿಗೆ ಮನೆಯಲ್ಲಿ ಎಂತ ಬೇಜಾರು ಅಂತ ಕೇಳಿ!"

ಕಾಪಾಡಲು ಹೋದವಳು ನಾನು. ಬೆನ್ನ ಮೇಲೆ ಹೊತ್ತು ಇಳಿಸಿದವನು ಅವನು.

ಕಾರ್ಕಳದ ಚಾವಡಿ

ಅವನು ನನಗೆ ಮಾತು ಕೊಟ್ಟ: ಅವಳ ಬಾಯಿಂದ ಇನ್ನೊಂದೇ ಸಲ ಕೇಳಿದರೆ ಮುಗಿಯಿತು ಅಂತ. ನಾನು ಹುಡುಗಿಯ ತಂದೆಗೆ ಫೋನ್ ಮಾಡಿದೆ. ಅವರು ಮಗಳನ್ನು ಕೇಳಿದರು. "ಅಜ್ಜಿ ಜೊತೆಗೆ ಇದ್ದರೆ ಬರಲಿ" ಎಂದಳಂತೆ ಅವಳು. ವಾರ ಮುಗಿಯುವ ದಿನ, ಶುಕ್ರವಾರ ಬೆಳಿಗ್ಗೆ, ನಾವು ಆ ಮನೆಯ ಚಾವಡಿಯಲ್ಲಿ ಕೂತೆವು. ಎದುರು ಹುಡುಗಿ, ಪಕ್ಕದಲ್ಲಿ ತಂದೆ, ಒಳಬಾಗಿಲಿನಲ್ಲಿ ತಾಯಿ. ತಂದೆಯ ಕೈಯಲ್ಲಿ ಫೋನು. ಇವನು ಒಂದು ಮಾತು ಹೆಚ್ಚು ಆಡಿದರೆ ಅವರು ಯಾರಿಗೆ ಫೋನ್ ಮಾಡುತ್ತಾರೆ ಅಂತ ನನಗೆ ಗೊತ್ತಿತ್ತು.

ಅಷ್ಟು ದಿನ ಹುಡುಗಿ ಗಟ್ಟಿ ಮನಸ್ಸಿನವಳು ಅಂತ ಎಣಿಸಿದ್ದೆ. ನೋಡಿದರೆ ಅವಳು ತಂದೆಯ ತೋಳು ಹಿಡಿದುಕೊಂಡು ಕೂತಿದ್ದಳು. ನನಗೆ ನಾಚಿಕೆಯಾಯಿತು.

"ನಾನು ಅವತ್ತೇ ಹೇಳಿದ್ದೆ, ಬೇಡ ಅಂತ" ಎಂದಳು. "ಮತ್ತೆ ಯಾಕೆ ಬರ್ತೀ ನೀನು?"

ಇವನು ತಲೆ ತಗ್ಗಿಸಿಯೇ ಹೇಳಿದ. "ಎಲ್ಲ ಹೇಳಿ ಎದ್ದು ಹೋಗುವಾಗ ಕೊನೆಗೆ ನೀನು 'ಬರ್ತೇನೆ' ಅಂತ ಹೇಳಿದ್ದಿ."

"ಅದಕ್ಕೆ ಆರು ತಿಂಗಳು ಕಾದದ್ದಾ?" ಹುಡುಗಿಯ ಕಣ್ಣು ದೊಡ್ಡದಾಯಿತು. "ಎದ್ದು ಹೊರಡುವಾಗ ಬರ್ತೇನೆ ಅನ್ನದೆ ಮತ್ತೆ ಎಂತ ಹೇಳುವುದು?"

"ಹೋಗ್ತೇನೆ ಅಂತ ಹೇಳಬಾರದು ಅಂತ ನಾನೇ ಕಲಿಸಿದ್ದು" ಎಂದರು ತಾಯಿ, ತಪ್ಪೆಲ್ಲ ತನ್ನದೇ ಎನ್ನುವ ಹಾಗೆ.

ತಂದೆ ಫೋನನ್ನು ಮೇಜಿನ ಮೇಲೆ ಇಟ್ಟರು. "ತಮ್ಮಾ, ವಿಮೆಯವನೂ ನಮ್ಮಲ್ಲಿಂದ ಬರ್ತೇನೆ ಅಂತ ಹೇಳಿಯೇ ಹೋಗುವುದು. ಅವನಿಗೆ ನಾವು ಕಾಯುತ್ತೇವಾ?"

ಹುಡುಗಿ ಎದ್ದು ನಿಂತಳು. ಬ್ಯಾಗು ಹೆಗಲಿಗೆ ಹಾಕಿದಳು. ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಸರಿಯಾಗಿ ಕೇಳು. ನನಗೆ ನೀನು ಬೇಡ. ನಾನು ವಾಪಸ್ ಬರುವುದಿಲ್ಲ. ಆಸ್ಪತ್ರೆಗೆ ಹೊತ್ತಾಯಿತು. ನಾನು ಹೋಗ್ತೇನೆ."

ಇವನ ಕಣ್ಣು ತುಂಬಿತು. ಆರು ತಿಂಗಳಲ್ಲಿ ಮೊದಲ ಸಲ ಅವನಿಗೆ ಅರ್ಥವಾದದ್ದು ನನಗೆ ಕಂಡಿತು. "ಆಯ್ತು" ಎಂದ. ಅಲ್ಲಿಗೆ ಎಲ್ಲ ಮುಗಿದಿತ್ತು. ಹುಡುಗಿ ಹೊಸ್ತಿಲು ದಾಟಲು ಕಾಲೆತ್ತಿದ್ದಳು.

ನನ್ನ ಬಾಯಿ ನನ್ನ ಕೈಯಲ್ಲಿ ಇದ್ದಿದ್ದರೆ! ಹುಟ್ಟಿದಲ್ಲಿಂದ ಕೇಳಿದ್ದು, ಮಕ್ಕಳಿಗೆ ಹೇಳಿದ್ದು, ಮೊಮ್ಮಕ್ಕಳಿಗೆ ಹೇಳಿದ್ದು. ತನ್ನಷ್ಟಕ್ಕೆ ಹೊರಗೆ ಬಂದುಬಿಟ್ಟಿತು.

"ಅಯ್ಯೋ ಮಗಾ, ಮನೆಯಿಂದ ಹೊರಡುವಾಗ ಹಾಗೆ ಹೇಳ್ತಾರಾ? ಬರ್ತೇನೆ ಅಂತ ಹೇಳು!"

ನಾಲ್ಕು ಮುಖ ನನ್ನ ಕಡೆ ತಿರುಗಿದವು. ತಂದೆಯ ಕೈ ಪುನಃ ಫೋನಿನ ಕಡೆ ಹೋಯಿತು. ಹುಡುಗಿಯ ಕಾಲು ಹೊಸ್ತಿಲಿನ ಮೇಲೆ ಎತ್ತಿದ್ದು ಎತ್ತಿದ ಹಾಗೆಯೇ ಇತ್ತು.

ಅಷ್ಟರಲ್ಲಿ ನನ್ನ ಮೊಮ್ಮಗ ಎದ್ದುಬಂದು ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿದ.

"ಸುಮ್ಮನಿರಿ ಅಜ್ಜಿ" ಎಂದ. "ಅವಳು ಹೋಗಲಿ."